ಒಂದೇ ಡಿಸ್ಕು, ಎರಡು ಬಾಗಿಲು: ಯುಇಎಫ್‌ಐ ಕಂಪ್ಯೂಟರಿಗೆ ಬೂಟ್ ಲೋಡರ್ ಸರಿಯಾಗಿ ಹಾಕುವುದು

ಹೋದ ಸುಗ್ಗಿಯಲ್ಲಿ ಗಂಗಾವತಿಯ ಒಂದು ರೈಸ್‌ಮಿಲ್ಲಿನ ಕಾಟಾ ರೂಮಿಗೆ ಹೋಗಿದ್ದೆ. ಮಾನಿಟರಿನ ಅಂಚಿಗೆ ಸೆಲೋಟೇಪು ಹಚ್ಚಿ ಒಂದು ಚೀಟಿ ಅಂಟಿಸಿದ್ದರು. ನೀಲಿ ಪೆನ್ನಿನಲ್ಲಿ ಎರಡೇ ಸಾಲು:

ತೂಕಕ್ಕ: ಎಫ್2 ಒತ್ತಿ, ಯುಇಎಫ್‌ಐ ಮಾಡಿ.
ಇ-ವೇ ಬಿಲ್ಲಿಗೆ: ಎಫ್2 ಒತ್ತಿ, ಲೆಗಸಿ ಮಾಡಿ.

ಹೊರಗೆ ಸೋನಾ ಮಸೂರಿ ಭತ್ತದ ಲಾರಿಗಳು ಗೇಟಿನ ತನಕ ನಿಂತಿದ್ದವು. "ಮುಂಜಾನಿಂದ ನಾಕ್ ಲಾರಿ ನಿಂತಾವ್ರಿ ಸರ್, ಕಾಟಾ ಚೀಟಿನ ಬರವಲ್ದು" ಅಂದರು ಗುಮಾಸ್ತರು. ಆ ದಿನ ಯಾರೋ ಎಫ್2 ಒತ್ತಿ ಬೇರೆ ಏನನ್ನೋ ಬದಲಿಸಿಬಿಟ್ಟಿದ್ದರು. ಈಗ ವಿಂಡೋಸೂ ಏಳುತ್ತಿಲ್ಲ, ಲಿನಕ್ಸೂ ಏಳುತ್ತಿಲ್ಲ.

ಹಿನ್ನೆಲೆ ಇಷ್ಟೇ. ಕಾಟಾ ಸಾಫ್ಟ್‌ವೇರು ವಿಂಡೋಸ್ ಬಿಟ್ಟು ಬೇರೆಲ್ಲೂ ಓಡದು. ಇತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರಲ್ಲಿ ಕೊಂಡ ಆ ಮಷೀನು ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲಿಲ್ಲ. ಹಾಗಾಗಿ ವಿಂಡೋಸನ್ನು ಇಂಟರ್ನೆಟ್ ಇಲ್ಲದೆ ತೂಕಕ್ಕಷ್ಟೇ ಇಟ್ಟುಕೊಂಡು, ಮೇಲು, ಬಿಲ್ಲು, ಬ್ಯಾಂಕಿನ ಕೆಲಸವನ್ನೆಲ್ಲ ಮಿಂಟ್ ಎಂಬ ಲಿನಕ್ಸಿಗೆ ಒಯ್ಯೋಣ ಎಂದು ಸಾಹುಕಾರರ ಅಳಿಯ ತೀರ್ಮಾನಿಸಿದ್ದ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಆಲೋಚನೆ ಸರಿಯಾಗೇ ಇತ್ತು. ಕೆಟ್ಟದ್ದು ಪೆನ್‌ಡ್ರೈವ್ ಆರಿಸುವ ಒಂದು ಸಾಲಿನಲ್ಲಿ.

ಆ ಒಂದು ಸಾಲು ಯಾಕೆ ಅಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಕಂಪ್ಯೂಟರಿಗೆ ಎಚ್ಚರವಾಗುವ ಬಗೆಯನ್ನು ನೋಡಬೇಕು.

ಹಳೆ ಬಾಗಿಲು, ಹೊಸ ಬಾಗಿಲು

ಪವರ್ ಬಟನ್ ಒತ್ತಿದೊಡನೆ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಅದಕ್ಕೆ ವಿಂಡೋಸೂ ಗೊತ್ತಿಲ್ಲ, ಲಿನಕ್ಸೂ ಗೊತ್ತಿಲ್ಲ. ಮುಂದಿನ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂದು ಹುಡುಕುವುದಷ್ಟೇ ಅದರ ಪಾಲು. ಹೀಗೆ ಕೆಲಸ ಒಪ್ಪಿಸಿಕೊಂಡು ಲಿನಕ್ಸಿನ ತಿರುಳಾದ ಕರ್ನಲ್ಲನ್ನೋ ವಿಂಡೋಸನ್ನೋ ಮೆಮೊರಿಗೆ ತರುವ ಪುಟ್ಟ ಪ್ರೋಗ್ರಾಮೇ ಬೂಟ್ ಲೋಡರ್. ಲಿನಕ್ಸಿನಲ್ಲಿ ಬಹುಪಾಲು ಅದು ಗ್ರಬ್.

1981ರ ಐಬಿಎಂ ಪಿಸಿಯಿಂದ ಬಂದ ಬಯೋಸ್ ಈ ಹುಡುಕಾಟವನ್ನು ಬಲು ಒರಟಾಗಿ ಮಾಡುತ್ತದೆ. ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಓದುತ್ತದೆ. ಅದು 512 ಬೈಟು. ಅದರಲ್ಲಿ 446 ಬೈಟು ಪ್ರೋಗ್ರಾಮಿಗೆ, 64 ಬೈಟು ನಾಲ್ಕು ಪಾರ್ಟಿಶನ್ನಿನ (ಡಿಸ್ಕನ್ನು ಹಂಚಿದ ಭಾಗಗಳ) ವಿವರಕ್ಕೆ, ಕೊನೆಯ 2 ಬೈಟು ಗುರುತಿಗೆ. ಗುರುತು ಸರಿಯಿದ್ದರೆ ಸಾಕು, ಒಳಗೇನಿದೆ ಎಂದು ನೋಡದೆ ಆ 446 ಬೈಟಿನೊಳಕ್ಕೆ ಹಾರಿಬಿಡುತ್ತದೆ. 446 ಬೈಟು ಎಷ್ಟು ಸಣ್ಣದೆಂದರೆ, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು ಬೇಕು. ನೀವು ಓದುತ್ತಿರುವ ಈ ಪ್ಯಾರಾದ ಅರ್ಧವೂ ಅದರಲ್ಲಿ ಹಿಡಿಸದು. ಗ್ರಬ್ಬಿನಂಥ ಪ್ರೋಗ್ರಾಮು ಅಲ್ಲಿ ಕೂರುವ ಮಾತೇ ಇಲ್ಲ. ಅದಕ್ಕೇ ಗ್ರಬ್ ತನ್ನ ತಲೆಯನ್ನಷ್ಟೇ ಅಲ್ಲಿ ತೂರಿಸಿ, ಮೈಯನ್ನು ಮೊದಲ ಪಾರ್ಟಿಶನ್ ಶುರುವಾಗುವ ಮುಂಚಿನ ಖಾಲಿ ಜಾಗದಲ್ಲಿ ಬಚ್ಚಿಡುತ್ತಿತ್ತು. ಯಾವ ಫೈಲ್ ಮ್ಯಾನೇಜರಿನಲ್ಲೂ ಅದು ಕಾಣದು. ವಿಂಡೋಸನ್ನು ಮತ್ತೆ ಹಾಕಿದರೆ ಆ ತಲೆ ಅಳಿಸಿಹೋಗುತ್ತಿತ್ತು. "ಮೊದಲು ವಿಂಡೋಸ್, ಆಮೇಲೆ ಲಿನಕ್ಸ್" ಎಂಬ ಹಳೆ ನಿಯಮ ಹುಟ್ಟಿದ್ದು ಇದರಿಂದ.

ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರಿಗಾಗಿ 1990ರ ದಶಕದಲ್ಲಿ ಇದಕ್ಕೆ ಬದಲಿ ಹುಡುಕಿತು. ಅದಕ್ಕೆ ಇಎಫ್‌ಐ ಎಂದು ಹೆಸರಿಟ್ಟರು. 2005ರಲ್ಲಿ ಹಲವು ಕಂಪನಿಗಳು ಕೂಡಿದ ಒಂದು ಫೋರಂ ಅದನ್ನು ವಹಿಸಿಕೊಂಡಿತು, ಹೆಸರು ಯುಇಎಫ್‌ಐ ಆಯಿತು. ಹೊಸ ಫರ್ಮ್‌ವೇರಿಗೆ ಅಕ್ಷರ ಬರುತ್ತದೆ. ಅಂದರೆ ಪಾರ್ಟಿಶನ್ ಪಟ್ಟಿಯನ್ನು ಓದಬಲ್ಲದು, ಫ್ಯಾಟ್ ಎಂಬ ಹಳೆ ಫೈಲ್ ವ್ಯವಸ್ಥೆಯನ್ನು ಓದಬಲ್ಲದು, ಡಾಟ್ ಇಎಫ್‌ಐ ಎಂದು ಕೊನೆಗೊಳ್ಳುವ ಪ್ರೋಗ್ರಾಮನ್ನು ನೇರವಾಗಿ ಓಡಿಸಬಲ್ಲದು. ಎನ್‌ಟಿಎಫ್‌ಎಸ್ ಆಗಲಿ ಲಿನಕ್ಸಿನ ಎಕ್ಸ್ಟ್4 ಆಗಲಿ ಅದಕ್ಕೆ ಅರ್ಥವಾಗಬೇಕೆಂಬ ನಿಯಮವಿಲ್ಲ. ಹಾಗಾಗಿ ಫ್ಯಾಟಿನಲ್ಲಿ ಫಾರ್ಮ್ಯಾಟ್ ಮಾಡಿದ ಒಂದು ಚಿಕ್ಕ ಪಾರ್ಟಿಶನ್ನನ್ನು ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳೂ ಸೇರಿ ಬಳಸುತ್ತವೆ. ಅದೇ ಇಎಫ್‌ಐ ಸಿಸ್ಟಮ್ ಪಾರ್ಟಿಶನ್, ಚಿಕ್ಕದಾಗಿ ಇಎಸ್‌ಪಿ. ಊರಿಗೊಂದು ಚಾವಡಿ ಇದ್ದಂತೆ ಡಿಸ್ಕಿಗೊಂದು ಇಎಸ್‌ಪಿ. ವಿಂಡೋಸು ಮೈಕ್ರೋಸಾಫ್ಟ್ ಎಂಬ ಫೋಲ್ಡರಿನಲ್ಲಿ ತನ್ನ ಲೋಡರ್ ಇಡುತ್ತದೆ, ಉಬುಂಟು ಎಂಬ ಲಿನಕ್ಸು ಉಬುಂಟು ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಒಬ್ಬರದನ್ನು ಒಬ್ಬರು ಮುಟ್ಟಬೇಕಾಗಿಲ್ಲ.

ಇಲ್ಲಿಗೆ ಬೂಟ್ ಲೋಡರ್ ಅನ್ನುವುದು ಎಲ್ಲೋ ಬಚ್ಚಿಟ್ಟ ಬೈಟುಗಳಲ್ಲ, ಕಣ್ಣಿಗೆ ಕಾಣುವ ಒಂದು ಫೈಲು. ಕಾಪಿ ಮಾಡಬಹುದು, ಅಳಿಸಬಹುದು, ಪೆನ್‌ಡ್ರೈವಿಗೆ ತೆಗೆದಿಡಬಹುದು.

ಆದರೆ ಫೈಲು ಇದ್ದರಷ್ಟೇ ಸಾಲದು. ಅದು ಎಲ್ಲಿದೆ ಎಂಬುದು ಫರ್ಮ್‌ವೇರಿಗೆ ಗೊತ್ತಿರಬೇಕು. ಆ ಗುರುತು ಇರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಎನ್‌ವಿರ್ಯಾಮ್ ಎಂಬ ನೆನಪಿನಲ್ಲಿ. ಬೂಟ್0000, ಬೂಟ್0001 ಎಂದು ನಂಬರು ಹಾಕಿದ ನಮೂದುಗಳು, ಪ್ರತಿಯೊಂದರಲ್ಲೂ ಒಂದು ಹೆಸರು, ಯಾವ ಪಾರ್ಟಿಶನ್ನು, ಅದರೊಳಗೆ ಯಾವ ಫೈಲು. ಇವುಗಳ ಜೊತೆಗೆ ಬೂಟ್ ಆರ್ಡರ್ ಎಂಬ ಸರದಿ ಪಟ್ಟಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಒಕ್ಕಲುತನ ಮಾಡಿದವರಿಗೆ ವಾರಾಬಂದಿ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಮೊದಲು ಯಾರ ಹೆಸರಿದೆಯೋ ಅವರ ತೂಬಿಗೆ ಮೊದಲು ನೀರು. ಒಂದೇ ವ್ಯತ್ಯಾಸ, ಇಲ್ಲಿ ಮೊದಲಿನವನ ತೂಬು ತೆರೆಯದಿದ್ದರೆ ಮಾತ್ರ ನೀರು ಎರಡನೆಯವನಿಗೆ. ತೆರೆದರೆ ಟೇಲೆಂಡಿನವನ ಸರದಿ ಬರುವುದೇ ಇಲ್ಲ.

ಹುಡುಗ ಎಡವಿದ ಕಡೆ

2017ರ ಆ ಬೋರ್ಡಿನಲ್ಲಿ ಯುಇಎಫ್‌ಐ ಇತ್ತು, ಜೊತೆಗೆ ಹಳೆ ಬಯೋಸಿನಂತೆ ನಟಿಸುವ ಸಿಎಸ್‌ಎಂ ಎಂಬ ಭಾಗವೂ ಚಾಲೂ ಇತ್ತು. ಇಂಥ ಬೋರ್ಡಿಗೆ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿ ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದು ಸಾಲಿನಲ್ಲಿ ಬರೀ ಕಂಪನಿಯ ಹೆಸರು, ಇನ್ನೊಂದರಲ್ಲಿ ಅದೇ ಹೆಸರಿನ ಹಿಂದೆ "ಯುಇಎಫ್‌ಐ" ಎಂಬ ಪದ. ಅವನು ಮೊದಲನೆಯದನ್ನು ಒತ್ತಿದ. ಇನ್‌ಸ್ಟಾಲರ್ ಎಂದಿನಂತೆ ತೆರೆಯಿತು. ಎರಡು ದಾರಿಯಲ್ಲೂ ಡೆಸ್ಕ್‌ಟಾಪ್ ಒಂದೇ ಥರ ಕಾಣುವುದರಿಂದ ಅನುಮಾನವೇ ಬರುವುದಿಲ್ಲ.

ಆದರೆ ಲೆಗಸಿ, ಅಂದರೆ ಹಳೆ ಬಯೋಸಿನ, ದಾರಿಯಲ್ಲಿ ಎದ್ದ ಲಿನಕ್ಸಿಗೆ ಎನ್‌ವಿರ್ಯಾಮಿನ ಬಾಗಿಲು ಮುಚ್ಚಿರುತ್ತದೆ. ನಮೂದು ಬರೆಯುವ ಸೌಲಭ್ಯವನ್ನು ಫರ್ಮ್‌ವೇರ್ ಒದಗಿಸುವುದು ಯುಇಎಫ್‌ಐ ದಾರಿಯಲ್ಲಿ ಎದ್ದ ಸಿಸ್ಟಮ್ಮಿಗೆ ಮಾತ್ರ. ಇದು ತಿಳಿದಿರುವ ಇನ್‌ಸ್ಟಾಲರ್ ತಾನು ಯಾವ ದಾರಿಯಲ್ಲಿ ಎದ್ದಿತೋ ಅದೇ ದಾರಿಯ ಗ್ರಬ್ಬನ್ನು ಹಾಕಲು ಹೊರಡುತ್ತದೆ. ಇಲ್ಲೂ ಹಾಗೇ ಆಯಿತು. ಬಯೋಸ್ ಥರದ ಗ್ರಬ್ಬಿಗೆ ಮೈ ಬಚ್ಚಿಡಲು ಜಾಗ ಬೇಕು. ವಿಂಡೋಸಿನ ಆ ಡಿಸ್ಕು ಜಿಪಿಟಿ ಎಂಬ ಹೊಸ ಪದ್ಧತಿಯ ಪಾರ್ಟಿಶನ್ ಪಟ್ಟಿ ಇರುವ ಡಿಸ್ಕು, ಆ ಖಾಲಿ ಜಾಗವನ್ನು ನೆಚ್ಚುವಂತಿಲ್ಲ. "ಗ್ರಬ್-ಇನ್‌ಸ್ಟಾಲ್ ಫೇಲ್ಡ್, ದಿಸ್ ಈಸ್ ಎ ಫೇಟಲ್ ಎರರ್" ಎಂದು ಕೆಂಪು ಪೆಟ್ಟಿಗೆ ಎದ್ದಿತು.

ಇಲ್ಲಿ ನಿಂತು ಒಂದು ಕ್ಷಣ ಯೋಚಿಸಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಹುಡುಕಿದವನಿಗೆ ಸಿಕ್ಕಿದ್ದು ಬೇರೆ ಪರಿಹಾರ: 1 ಎಂಬಿಯ "ಬಯೋಸ್ ಬೂಟ್" ಪಾರ್ಟಿಶನ್ ಮಾಡಿಕೊಡಿ, ಗ್ರಬ್ ಅದರಲ್ಲಿ ಕೂರುತ್ತದೆ. ಮಾಡಿಕೊಟ್ಟ. ಕೂತಿತು. ಇನ್‌ಸ್ಟಾಲ್ ಮುಗಿಯಿತು. ಪರಿಹಾರ ಸುಳ್ಳೇನಲ್ಲ, ಪೂರ್ತಿ ಲೆಗಸಿಯಲ್ಲೇ ಓಡುವ ಮಷೀನಿಗೆ ಅದೇ ಸರಿ. ಆದರೆ ಈ ಮಷೀನಿನ ವಿಂಡೋಸ್ ಯುಇಎಫ್‌ಐ ದಾರಿಯದು. ಲೆಗಸಿಯಲ್ಲಿ ಎದ್ದ ಗ್ರಬ್ ಯುಇಎಫ್‌ಐ ವಿಂಡೋಸನ್ನು ಎಬ್ಬಿಸಲಾರದು. ಪ್ರೊಸೆಸರನ್ನು ಒಮ್ಮೆ ಹಳೆ ಬಾಗಿಲಿನಿಂದ ಒಳಗೆ ಬಿಟ್ಟ ಮೇಲೆ ಹೊಸ ಬಾಗಿಲಿಗೆ ಬರಲು ರೀಸ್ಟಾರ್ಟ್ ಒಂದೇ ದಾರಿ. ಹೀಗೆ ಒಂದೇ ಡಿಸ್ಕಿಗೆ ಎರಡು ಬಾಗಿಲಾದವು, ಒಂದು ತೆರೆದರೆ ಇನ್ನೊಂದು ಬಂದ್. ಗುಮಾಸ್ತರ ಚೀಟಿ ಹುಟ್ಟಿದ್ದು ಅಲ್ಲಿ. ನಿಜ ಹೇಳಬೇಕೆಂದರೆ ಆ ಚೀಟಿ ನಾನು ಓದಿದ ಎಷ್ಟೋ ಮ್ಯಾನುಯಲ್ಲುಗಳಿಗಿಂತ ನಿಖರವಾಗಿತ್ತು.

ಯಾವ ಬಾಗಿಲಿನಿಂದ ಬಂದಿದ್ದೇವೆ?

ಲಿನಕ್ಸ್ ಹಾಕಲು ಕೂತಾಗ ಮಾಡಬೇಕಾದ ಮೊದಲ ಕೆಲಸ ಇದನ್ನು ನೋಡುವುದು. ಎರಡು ನಿಮಿಷವೂ ಬೇಡ. ವಿಂಡೋಸಿನ ಒಳಗಿದ್ದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ "ಎಂಎಸ್‌ಇನ್ಫೋ32" ಎಂದು ಹೊಡೆಯಿರಿ. "ಬಯೋಸ್ ಮೋಡ್" ಎಂಬ ಸಾಲಿನ ಮುಂದೆ ಯುಇಎಫ್‌ಐ ಅಥವಾ ಲೆಗಸಿ ಎಂದಿರುತ್ತದೆ. ಈಗಿರುವ ವಿಂಡೋಸ್ ಯಾವ ದಾರಿಯದೋ ಲಿನಕ್ಸೂ ಅದೇ ದಾರಿಯದಾಗಬೇಕು. ಲಿನಕ್ಸ್ ಪೆನ್‌ಡ್ರೈವಿನಿಂದ ಎದ್ದಿದ್ದರೆ ರೂಟಿನ "ಸಿಸ್" ಫೋಲ್ಡರು, ಅದರೊಳಗೆ "ಫರ್ಮ್‌ವೇರ್", ಅದರೊಳಗೆ "ಇಎಫ್‌ಐ" ಎಂಬ ಫೋಲ್ಡರು ಇದೆಯೇ ನೋಡಿ. ಇದ್ದರೆ ಯುಇಎಫ್‌ಐ. ಇಲ್ಲದಿದ್ದರೆ ಲೆಗಸಿ, ಅಲ್ಲೇ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಮೆನುವಿನಲ್ಲಿ ಇನ್ನೊಂದು ಸಾಲು ಆರಿಸಿ. ಯುಇಎಫ್‌ಐ ಸಾಲೇ ಕಾಣದಿದ್ದರೆ ತಪ್ಪು ಬಹುಶಃ ಪೆನ್‌ಡ್ರೈವ್ ಮಾಡಿದ ಬಗೆಯಲ್ಲಿದೆ. ಪೆನ್‌ಡ್ರೈವ್ ಬರೆಯುವ ರೂಫಸ್ ಎಂಬ ಪ್ರೋಗ್ರಾಮಿನಲ್ಲಿ ಟಾರ್ಗೆಟ್ ಸಿಸ್ಟಮ್ ಬಯೋಸ್ ಎಂದಿದ್ದುದನ್ನು ಯುಇಎಫ್‌ಐ ಮಾಡಿ ಮತ್ತೆ ಬರೆಯಿರಿ. ಫರ್ಮ್‌ವೇರಿನ ಸೆಟಪ್ಪಿನಲ್ಲಿ (ಚೀಟಿಯ ಎಫ್2 ತೆರೆಯುವುದು ಇದನ್ನೇ) ಸಿಎಸ್‌ಎಂ ಆಫ್ ಮಾಡಿಬಿಟ್ಟರೆ ಗೊಂದಲದ ಬೇರೇ ಹೋಗುತ್ತದೆ. ಬಹಳ ಹಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ಹಾಗೆ ಮಾಡಿದಾಗ ಪರದೆ ಕಪ್ಪಾಗಬಹುದು, ಅಷ್ಟು ನೆನಪಿರಲಿ.

ಯುಇಎಫ್‌ಐ ದಾರಿಯಲ್ಲಿ ಎದ್ದ ಇನ್‌ಸ್ಟಾಲರ್ ಬಹುಪಾಲು ತಾನೇ ಎಲ್ಲ ಸರಿ ಮಾಡುತ್ತದೆ. ಪಾರ್ಟಿಶನ್ನುಗಳನ್ನು ಕೈಯಾರೆ ಹಂಚುವವರು ಎರಡು ಕಡೆ ಎಚ್ಚರವಾಗಿರಬೇಕು. ವಿಂಡೋಸ್ ಮಾಡಿಟ್ಟ 100 ಎಂಬಿ ಆಸುಪಾಸಿನ ಫ್ಯಾಟ್32 ಪಾರ್ಟಿಶನ್ನೇ ಇಎಸ್‌ಪಿ. ಅದನ್ನು "ಬೂಟ್" ಒಳಗಿನ "ಇಎಫ್‌ಐ" ಎಂಬ ಜಾಗಕ್ಕೆ ಜೋಡಿಸಬೇಕು, ಫಾರ್ಮ್ಯಾಟ್ ಮಾತ್ರ ಮಾಡಬಾರದು. ಟಿಕ್ ಹಾಕಿದಿರೋ, ವಿಂಡೋಸಿನ ಲೋಡರ್ ಹೋಯಿತು. ಗ್ರಬ್ಬಿಗೆ ಬೇಕಾದದ್ದು ಕೆಲವೇ ಎಂಬಿ, ಇದ್ದ ಜಾಗದಲ್ಲೇ ಹಿಡಿಸುತ್ತದೆ.

ಇನ್ನೊಂದು ಕಡೆ, ಹೊರಗಿನ ಡಿಸ್ಕಿಗೆ ಲಿನಕ್ಸ್ ಹಾಕುವವರಿಗೆ. ರಾಯಚೂರಿನ ಉಪನ್ಯಾಸಕ ಮಿತ್ರರೊಬ್ಬರು ಯುಎಸ್‌ಬಿ ಎಸ್‌ಎಸ್‌ಡಿಗೆ ಉಬುಂಟು ಹಾಕಿಕೊಂಡು, ಬೂಟ್ ಲೋಡರ್ ಹಾಕಬೇಕಾದ ಡಿಸ್ಕು ಯಾವುದು ಎಂಬಲ್ಲಿ ಅದೇ ಎಸ್‌ಎಸ್‌ಡಿಯನ್ನು ಆರಿಸಿದ್ದರು. ಆದರೂ ಎಸ್‌ಎಸ್‌ಡಿ ಕಿತ್ತು ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ "ಗ್ರಬ್" ಎಂಬ ಪದ, ಮಿನುಗುವ ಕರ್ಸರ್. ಉಬುಂಟುವಿನ ಹಳೆ ಇನ್‌ಸ್ಟಾಲರ್ ಯುಇಎಫ್‌ಐ ದಾರಿಯಲ್ಲಿ ನಮ್ಮ ಆಯ್ಕೆಯನ್ನು ಲೆಕ್ಕಿಸದೆ ಮೊದಲು ಕಂಡ ಇಎಸ್‌ಪಿಗೇ ಗ್ರಬ್ ಹಾಕುತ್ತಿತ್ತು. ಮೊದಲು ಕಂಡದ್ದು ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನದು. ಲೋಡರ್ ಮನೆಯೊಳಗೆ, ಅದು ಹುಡುಕುವ ಲಿನಕ್ಸ್ ಚೀಲದೊಳಗೆ. ಇಂಥ ಕೆಲಸಕ್ಕೆ ಕೂರುವ ಮುಂಚೆ ಸಾಧ್ಯವಾದರೆ ಒಳಗಿನ ಡಿಸ್ಕನ್ನು ಬಿಚ್ಚಿಡಿ ಅಥವಾ ಸೆಟಪ್ಪಿನಲ್ಲಿ ಆಫ್ ಮಾಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಕಾಟಾ ರೂಮಿನ ದುರಸ್ತಿ

ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯವಿರಲಿಲ್ಲ. ಲಿನಕ್ಸ್ ಚೆನ್ನಾಗಿಯೇ ಇತ್ತು, ಬಾಗಿಲು ತಪ್ಪಿತ್ತು ಅಷ್ಟೆ. ಮೊದಲು ಸೆಟಪ್ಪಿಗೆ ಹೋಗಿ ಯುಇಎಫ್‌ಐ ಮಾಡಿ ವಿಂಡೋಸನ್ನು ಎಬ್ಬಿಸಿ, ನಿಂತ ಲಾರಿಗಳ ತೂಕ ಮುಗಿಸಿಕೊಟ್ಟೆ. ಮಧ್ಯಾಹ್ನ ಹಮಾಲರು ಊಟಕ್ಕೆ ಹೋದ ಹೊತ್ತಿಗೆ ಕೂತೆ. ಗುಮಾಸ್ತರು ಪೇಪರಿನಲ್ಲಿ ವಗ್ಗರಣಿ, ಎರಡು ಮಿರ್ಚಿ ತಂದಿಟ್ಟರು. ಕೀಬೋರ್ಡಿಗೆ ಎಣ್ಣೆ ತಾಗಿದ್ದಕ್ಕೆ ನಾನೇ ಹೊಣೆ.

ಆದೇಶಗಳ ಹೆಸರನ್ನು ಇಲ್ಲಿ ನಾವು ಉಚ್ಚರಿಸುವ ಹಾಗೆ ಬರೆಯುತ್ತಿದ್ದೇನೆ, ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ.

ಮಿಂಟ್ ಪೆನ್‌ಡ್ರೈವನ್ನು ಈ ಸಲ ಯುಇಎಫ್‌ಐ ಸಾಲಿನಿಂದ ಎಬ್ಬಿಸಿದೆ. "ಎಲ್‌ಎಸ್‌ಬಿಎಲ್‌ಕೆ" ಹೊಡೆದರೆ ಡಿಸ್ಕಿನ ನಕ್ಷೆ ಬಂತು. ಒಂದನೆಯದು ವಿಂಡೋಸಿನ ರಿಕವರಿ, ಎರಡನೆಯದು 100 ಎಂಬಿಯ ಇಎಸ್‌ಪಿ, ಮೂರನೆಯದು ಮೈಕ್ರೋಸಾಫ್ಟ್ ಕಾದಿರಿಸಿಕೊಂಡ 16 ಎಂಬಿ, ನಾಲ್ಕನೆಯದು ಸಿ ಡ್ರೈವ್, ಐದನೆಯದು ಹುಡುಗ ಮಾಡಿದ 1 ಎಂಬಿ, ಆರನೆಯದು ಲಿನಕ್ಸ್.

ಆರನೆಯದನ್ನು "ಎಂಎನ್‌ಟಿ" ಫೋಲ್ಡರಿಗೆ ಮೌಂಟ್ ಮಾಡಿ (ಜೋಡಿಸಿ), ಅದರ "ಬೂಟ್" ಒಳಗೆ "ಇಎಫ್‌ಐ" ಎಂಬ ಫೋಲ್ಡರು ಮಾಡಿ, ಎರಡನೆಯದನ್ನು ಅಲ್ಲಿಗೆ ಮೌಂಟ್ ಮಾಡಿದೆ. ಆಮೇಲೆ ಪೆನ್‌ಡ್ರೈವ್ ಸಿಸ್ಟಮ್ಮಿನ ಡೆವ್, ಪ್ರೋಕ್, ಸಿಸ್, ರನ್ ಎಂಬ ನಾಲ್ಕನ್ನು ಅದರೊಳಗೆ ಆರ್‌ಬೈಂಡ್ ಮಾಡಿದೆ, ಅಂದರೆ ಒಳಭಾಗಗಳ ಸಮೇತ ಜೋಡಿಸಿದೆ. ಬರೀ ಬೈಂಡ್ ಮಾಡಿದರೆ ಸಿಸ್ ಒಳಗಿನ ಎನ್‌ವಿರ್ಯಾಮ್ ಕಿಟಕಿ ಹಿಂದೆ ಉಳಿಯುತ್ತದೆ, ಆಮೇಲೆ ನಮೂದು ಬರೆಯಲಾಗದೆ ತಲೆ ಕೆರೆದುಕೊಳ್ಳುತ್ತೀರಿ. ರನ್ ಮರೆತರೆ ಒಳಗಿನಿಂದ ಇಂಟರ್ನೆಟ್ ವಿಳಾಸಗಳು ಸಿಗುವುದಿಲ್ಲ. ಇಷ್ಟಾದ ಮೇಲೆ "ಚ್‌ರೂಟ್". ಅಂದರೆ ಪೆನ್‌ಡ್ರೈವಿನಿಂದ ಎದ್ದಿದ್ದರೂ ಇನ್ನು ಮುಂದೆ ಕೊಡುವ ಆದೇಶಗಳೆಲ್ಲ ಡಿಸ್ಕಿನ ಲಿನಕ್ಸಿಗೆ ಸಲ್ಲುತ್ತವೆ.

ಒಳಗೆ ಹೋಗಿ, ಮೊಬೈಲ್ ಹಾಟ್‌ಸ್ಪಾಟಿನಿಂದ ಮೂರು ಪ್ಯಾಕೇಜು ಹಾಕಿದೆ: ಗ್ರಬ್-ಇಎಫ್‌ಐ, ಅದರ ಸಹಿ ಇರುವ ಪ್ರತಿ, ಮತ್ತು ಗ್ರಬ್ಬಿಗೂ ಮುಂಚೆ ಓಡುವ ಶಿಮ್ ಎಂಬ ಪುಟ್ಟ ಲೋಡರಿನ ಸಹಿ ಇರುವ ಪ್ರತಿ. ಬಯೋಸ್ ಥರದ ಗ್ರಬ್ ಪ್ಯಾಕೇಜು ತಾನಾಗಿ ಜಾಗ ಖಾಲಿ ಮಾಡಿತು. ಇಎಸ್‌ಪಿ ಪ್ರತಿ ಸಲವೂ ಮೌಂಟ್ ಆಗುವಂತೆ "ಎಫ್‌ಎಸ್‌ಟ್ಯಾಬ್" ಫೈಲಿಗೆ ಒಂದು ಸಾಲು ಸೇರಿಸಿದೆ. ಇದನ್ನು ಬಿಟ್ಟರೆ ಇಂದು ಎಲ್ಲ ಸರಿ ಕಾಣುತ್ತದೆ, ಮುಂದಿನ ಗ್ರಬ್ ಅಪ್‌ಡೇಟಿನ ದಿನ ಕೈಕೊಡುತ್ತದೆ. ಕೊನೆಗೆ ಗ್ರಬ್-ಇನ್‌ಸ್ಟಾಲ್ ಆದೇಶ, ಟಾರ್ಗೆಟ್ "ಎಕ್ಸ್86_64-ಇಎಫ್‌ಐ", ಇಎಫ್‌ಐ ಡೈರೆಕ್ಟರಿ ಯಾವುದೆಂಬುದು. ಇಲ್ಲಿ ಡಿಸ್ಕಿನ ಹೆಸರು ಕೊಡಬೇಕಾಗಿಲ್ಲ ಎಂಬುದನ್ನು ಗಮನಿಸಿ. ಬಯೋಸ್ ಕಾಲದಲ್ಲಿ "ಯಾವ ಡಿಸ್ಕಿನ ನೆತ್ತಿಗೆ" ಎಂದು ಹೇಳಬೇಕಿತ್ತು, ಈಗ "ಯಾವ ಫೋಲ್ಡರಿಗೆ" ಎಂದರೆ ಸಾಕು. ಹಿಂದೆಯೇ ಮೆನುವನ್ನು ಹೊಸದಾಗಿ ಬರೆಯುವ "ಅಪ್‌ಡೇಟ್-ಗ್ರಬ್". ಗ್ರಬ್ 2.06 ಬಂದ 2021ರಿಂದೀಚೆಗೆ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಮೂಲದಲ್ಲೇ ಬಂದ್ ಆಗಿರುತ್ತದೆ. ಮೆನುವಿನಲ್ಲಿ ವಿಂಡೋಸ್ ಬರದಿದ್ದರೆ ಗ್ರಬ್ಬಿನ ಡೀಫಾಲ್ಟ್ ಫೈಲಿನಲ್ಲಿ ಅದನ್ನು ಚಾಲೂ ಮಾಡಬೇಕು.

ಹುಡುಗನ 1 ಎಂಬಿಯನ್ನು ಹಾಗೇ ಬಿಟ್ಟೆ. ಯಾರಿಗೂ ತೊಂದರೆ ಇಲ್ಲ. ಸೆಟಪ್ಪಿನಲ್ಲಿ ಸಿಎಸ್‌ಎಂ ಆಫ್ ಮಾಡಿದ ಮೇಲೆ ಹಳೆ ಬಾಗಿಲನ್ನು ತಟ್ಟುವವರೇ ಇಲ್ಲ.

ಚಾವಡಿಯೊಳಗೆ ಒಮ್ಮೆ ಇಣುಕಿದರೆ

ಕೆಲಸ ಮುಗಿದ ಮೇಲೆ ಇಎಸ್‌ಪಿಯ ಉಬುಂಟು ಫೋಲ್ಡರನ್ನು ತೆರೆದು ನೋಡುವುದು ನನ್ನ ಚಾಳಿ. ಮಿಂಟ್ ಹಾಕಿದರೂ ಫೋಲ್ಡರಿನ ಹೆಸರು ಉಬುಂಟು ಎಂದೇ ಇರುತ್ತದೆ. ಮಿಂಟ್ ಬಳಸುವುದು ಉಬುಂಟು ಸಹಿ ಮಾಡಿದ ಗ್ರಬ್ಬನ್ನು, ಅದರೊಳಗೆ ಆ ಫೋಲ್ಡರಿನ ಹೆಸರು ಅಚ್ಚಾಗಿ ಹೋಗಿದೆ. ಒಂದೇ ಇಎಸ್‌ಪಿಯಲ್ಲಿ ಮಿಂಟ್ ಮತ್ತು ಉಬುಂಟು ಎರಡನ್ನೂ ಇಡುವವರು ಒಂದರ ಗ್ರಬ್ ಇನ್ನೊಂದರದನ್ನು ತುಳಿಯುವುದನ್ನು ನೋಡಿಯೇ ಇರುತ್ತಾರೆ.

ಆ ಫೋಲ್ಡರಿನಲ್ಲಿ ಮೂರೇ ಸಾಲಿನ ಒಂದು ಗ್ರಬ್ ಸಂರಚನಾ ಫೈಲಿರುತ್ತದೆ. ಇಂಥ ಗುರುತಿನ ಪಾರ್ಟಿಶನ್ ಹುಡುಕು, ಅದರ ಬೂಟ್ ಒಳಗಿನ ಗ್ರಬ್ ಫೋಲ್ಡರನ್ನು ನೆಲೆ ಮಾಡಿಕೋ, ಅಲ್ಲಿರುವ ದೊಡ್ಡ ಫೈಲನ್ನು ಓದು. ಇಷ್ಟೇ. ಲಿನಕ್ಸ್ ಪಾರ್ಟಿಶನ್ನನ್ನು ಅಳಿಸಿದರೆ ಅಥವಾ ಫಾರ್ಮ್ಯಾಟ್ ಮಾಡಿದರೆ ಆ ಗುರುತು ಸಿಗುವುದಿಲ್ಲ, ಗ್ರಬ್ ದಾರಿ ಕಾಣದೆ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ರಾಯಚೂರಿನ ಮಿತ್ರರ ಲ್ಯಾಪ್‌ಟಾಪಿನಲ್ಲಿ ಆದದ್ದೂ ಇದೇ. ಅಂಥ ಪರದೆ ಕಂಡ ಕೂಡಲೇ ಜನ ಎಲ್ಲ ಹೋಯಿತು ಎಂದು ಅಂಗಡಿಗೆ ಓಡಿ ಬರುತ್ತಾರೆ. ಹೋದದ್ದು ಬಹಳಷ್ಟು ಸಲ ಆ ಮೂರು ಸಾಲಿನ ಹೊಂದಾಣಿಕೆ ಮಾತ್ರ.

ಫೋಲ್ಡರಿನಲ್ಲಿ ಗ್ರಬ್ಬಿನ ಪಕ್ಕದಲ್ಲೇ ಶಿಮ್ ಎಂಬ ಫೈಲಿರುತ್ತದೆ. ಇದು ಸೆಕ್ಯೂರ್ ಬೂಟಿಗಾಗಿ. ಆ ಸೌಲಭ್ಯ ಚಾಲೂ ಇದ್ದರೆ ಫರ್ಮ್‌ವೇರ್ ತನಗೆ ಗೊತ್ತಿರುವ ಸಹಿ ಇಲ್ಲದ ಯಾವ ಲೋಡರನ್ನೂ ಓಡಿಸದು. ಪಿಸಿಗಳಲ್ಲಿ ಸಾಮಾನ್ಯವಾಗಿ ಇರುವುದು ಮೈಕ್ರೋಸಾಫ್ಟಿನ ಕೀ. ಶಿಮ್ಮಿಗೆ ಮೈಕ್ರೋಸಾಫ್ಟಿನ ಸಹಿ ಇದೆ. ಶಿಮ್ ಗ್ರಬ್ಬಿನ ಸಹಿ ನೋಡುತ್ತದೆ, ಆಮೇಲೆ ಕರ್ನಲ್ಲಿನ ಸಹಿಯ ತಪಾಸಣೆ. ಹಾಗಾಗಿ ನಮೂದು ತೋರಿಸಬೇಕಾದದ್ದು ಶಿಮ್ಮನ್ನು, ಗ್ರಬ್ಬನ್ನಲ್ಲ. ಕೈಯಾರೆ ನಮೂದು ಬರೆಯುವವರು ನೇರ ಗ್ರಬ್ಬಿನ ಹೆಸರು ಕೊಟ್ಟು, ಸೆಕ್ಯೂರ್ ಬೂಟ್ ಆನ್ ಮಾಡಿದ ದಿನ ಪೇಚಿಗೆ ಸಿಕ್ಕುತ್ತಾರೆ.

ಈ ಸರಪಳಿ ತುಂಡಾದದ್ದೂ ಉಂಟು. ನಮ್ಮ ಕಡೆಯವರಿಗೆ ಆ ವಾರ ಬೇರೆ ಕಾರಣಕ್ಕೆ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಗಿತ್ತು, ಎಲ್ಲರ ಕಣ್ಣು ಅಲ್ಲಿತ್ತು. ಆಗಸ್ಟ್ 13ಕ್ಕೆ ಮೈಕ್ರೋಸಾಫ್ಟಿನ ತಿಂಗಳ ಅಪ್‌ಡೇಟ್ ಬಂತು. ದೋಷವಿರುವ ಹಳೆ ಲೋಡರ್‌ಗಳನ್ನು ತಡೆಯಲು ಎಸ್‌ಬ್ಯಾಟ್ ಎಂಬ ಕನಿಷ್ಠ ಆವೃತ್ತಿಯ ಪಟ್ಟಿಯನ್ನು ಅದು ಎನ್‌ವಿರ್ಯಾಮಿಗೆ ಬರೆಯಿತು. ಲಿನಕ್ಸ್ ಜೊತೆಗಿರುವ ಮಷೀನುಗಳನ್ನು ಬಿಟ್ಟುಬಿಡಬೇಕಿತ್ತು, ಎಲ್ಲ ಕಡೆ ಬಿಡಲಿಲ್ಲ. ವಿಂಡೋಸ್ ಅಪ್‌ಡೇಟ್ ಆದ ಬೆಳಿಗ್ಗೆ ಲಿನಕ್ಸ್ ಆರಿಸಿದರೆ "ಶಿಮ್ ಎಸ್‌ಬ್ಯಾಟ್ ಡೇಟಾ" ಸರಿಯಿಲ್ಲ, "ಸೆಕ್ಯೂರಿಟಿ ಪಾಲಿಸಿ ವಯೊಲೇಶನ್" ಎಂದು ತೋರಿಸಿ ಮಷೀನು ಆಫ್. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿಗೆ ಹೋಗಿ "ಮೋಕ್‌ಯುಟಿಲ್" ಆದೇಶದಿಂದ ಆ ಪಾಲಿಸಿ ಅಳಿಸಿ, ಶಿಮ್ಮನ್ನು ಅಪ್‌ಡೇಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಹಚ್ಚಿದರೆ ಸರಿಹೋಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಸೆಕ್ಯೂರ್ ಬೂಟ್ ಮುಟ್ಟುವ ಮುಂಚೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಫೋಟೋ ಇದೆ ಅಂದವರು ಆಮೇಲೆ ಹುಡುಕುವುದನ್ನು ನೋಡಿದ್ದೇನೆ.

ಫರ್ಮ್‌ವೇರ್ ಮರೆತಾಗ

ನಮೂದು ಬೋರ್ಡಿನಲ್ಲಿದೆ, ಫೈಲು ಡಿಸ್ಕಿನಲ್ಲಿದೆ. ಇವೆರಡು ಬೇರೆಯಾದರೆ? ಬೋರ್ಡು ಸುಟ್ಟು ಹೊಸದು ಹಾಕಿಸಿದರೆ ಹೊಸ ಬೋರ್ಡಿಗೆ ಹಳೆ ನಮೂದುಗಳ ಸುದ್ದಿಯೇ ಗೊತ್ತಿಲ್ಲ. ಡಿಸ್ಕನ್ನು ಬೇರೆ ಮಷೀನಿಗೆ ಹಾಕಿದರೂ ಅಷ್ಟೇ. ಕೆಲವು ಬೋರ್ಡುಗಳಂತೂ ಡಿಸ್ಕು ಕಾಣದೆ ಒಂದು ಸಲ ಆನ್ ಆದರೂ ಸಾಕು, ಆ ನಮೂದನ್ನು ಕಿತ್ತೆಸೆಯುತ್ತವೆ. ರೈಸ್‌ಮಿಲ್ಲಿನ ತೌಡು ಧೂಳಿಗೆ ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಲೇಬೇಕು, ಹಾಗೆ ಹಿಡಿಯುವಾಗ ಸಾಟಾ ಕೇಬಲ್ ಸಡಿಲಾಗುತ್ತದೆ, ಸರಿಪಡಿಸಿದ ಮೇಲೂ ಲಿನಕ್ಸ್ ಬರುವುದಿಲ್ಲ. ಡಿಸ್ಕು ಹಾಳಾಯಿತು ಎಂದು ತೀರ್ಮಾನಿಸುವ ಮೊದಲು ನಮೂದು ಇದೆಯೇ ನೋಡಿ.

ಇಂಥ ಹೊತ್ತಿಗೆಂದೇ ಒಂದು ಪೂರ್ವನಿಶ್ಚಿತ ವಿಳಾಸವಿದೆ. ಯಾವ ನಮೂದೂ ಕೆಲಸಕ್ಕೆ ಬಾರದಿದ್ದರೆ ಫರ್ಮ್‌ವೇರ್ ಇಎಸ್‌ಪಿಯ "ಇಎಫ್‌ಐ" ಫೋಲ್ಡರು, ಅದರೊಳಗೆ "ಬೂಟ್" ಫೋಲ್ಡರು, ಅದರೊಳಗೆ "ಬೂಟ್‌ಎಕ್ಸ್64 ಡಾಟ್ ಇಎಫ್‌ಐ" ಎಂಬ ಫೈಲನ್ನು ಹುಡುಕುತ್ತದೆ. ಪೆನ್‌ಡ್ರೈವ್‌ಗಳು ಯಾವ ನಮೂದೂ ಇಲ್ಲದೆ ಏಳುವುದು ಈ ದಾರಿಯಿಂದಲೇ. ಗ್ರಬ್-ಇನ್‌ಸ್ಟಾಲಿಗೆ "ರಿಮೂವಬಲ್" ಎಂದು ಸೇರಿಸಿದರೆ ಗ್ರಬ್ ಈ ಜಾಗದಲ್ಲಿ ಕೂರುತ್ತದೆ. ಚೀಲದಲ್ಲಿ ಓಡಾಡುವ ಎಸ್‌ಎಸ್‌ಡಿಗೆ ಇದೇ ಸರಿ. ವಿಂಡೋಸ್ ಇರುವ ಡಿಸ್ಕಿನಲ್ಲಿ ಅದೇ ಹೆಸರಿನಲ್ಲಿ ವಿಂಡೋಸಿನ ಪ್ರತಿ ಇದ್ದೀತು, ಅದನ್ನು ಬೇರೆ ಹೆಸರಿಗೆ ಕಾಪಿ ಮಾಡಿಟ್ಟು ಮುಂದುವರಿಯಿರಿ. ಉಬುಂಟು ಕುಟುಂಬದವರು ಇಲ್ಲಿ ಶಿಮ್ ಜೊತೆ ಇನ್ನೊಂದು ಚಿಕ್ಕ ಪ್ರೋಗ್ರಾಮನ್ನೂ ಇಟ್ಟಿರುತ್ತಾರೆ. ಅದು ಕಳೆದುಹೋದ ನಮೂದನ್ನು ತಾನೇ ಮತ್ತೆ ಬರೆಯುತ್ತದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಜಾಣತನದ ಭಾಗ ಇದೇ, ಯಾರೂ ಹೊಗಳುವುದಿಲ್ಲ.

ನಮೂದುಗಳನ್ನು ಲಿನಕ್ಸಿನಿಂದಲೇ ನೋಡಲು, ತಿದ್ದಲು "ಇಎಫ್‌ಐಬೂಟ್‌ಎಂಜಿಆರ್" ಇದೆ. ಬರೀ ಹೆಸರು ಹೊಡೆದರೆ ಪಟ್ಟಿ, ಓ ಆಯ್ಕೆಯಿಂದ ಸರದಿ ಬದಲು, ಎನ್ ಆಯ್ಕೆಯಿಂದ ಮುಂದಿನ ಒಂದೇ ಸಲಕ್ಕೆ ಬೇರೆಯವರಿಗೆ ಸರದಿ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮಾಯವಾಯಿತು ಎಂಬ ದೂರು ಎಷ್ಟೋ ಸಲ ಈ ಸರದಿ ಬದಲಾದದ್ದು ಅಷ್ಟೆ. ಸತ್ತ ನಮೂದುಗಳನ್ನು ಅಳಿಸಬಹುದು, ಆದರೆ ಇದು ಬೋರ್ಡಿನ ನೆನಪು ಎಂಬ ಭಯ ಇರಲಿ. 2016ರಲ್ಲಿ ಯಾರೋ ರೂಟಿನಿಂದ ಎಲ್ಲವನ್ನೂ ಅಳಿಸುವ ಆದೇಶ ಕೊಟ್ಟಾಗ ಫೈಲುಗಳಂತೆ ಕಾಣುತ್ತಿದ್ದ ಎನ್‌ವಿರ್ಯಾಮಿನ ನಮೂದುಗಳೂ ಅಳಿಸಿ ಲ್ಯಾಪ್‌ಟಾಪೇ ಏಳದೆ ಹೋದದ್ದು ದೊಡ್ಡ ಚರ್ಚೆಯಾಯಿತು. ಆಮೇಲೆ ಕರ್ನಲ್ಲಿನವರು ಅವುಗಳಲ್ಲಿ ಬಹುಪಾಲನ್ನು ಸುಲಭಕ್ಕೆ ಅಳಿಸದಂತೆ ಬಿಗಿ ಮಾಡಿದರು.

ಕಾಟಾ ರೂಮಿನ ಮಷೀನು ರೀಸ್ಟಾರ್ಟ್ ಆದಾಗ ಗ್ರಬ್ಬಿನ ಮೆನು ಬಂತು, ಮೇಲೆ ಮಿಂಟ್, ಕೆಳಗೆ ವಿಂಡೋಸ್. "ಮ್ಯಾಲ ಕಾಟಾದ್ದು ಬರ್ಲಿ ಸರ್, ಲಾರಿ ಮೊದ್ಲ ಬರ್ತಾವು, ಬಿಲ್ಲು ಆಮ್ಯಾಲ" ಅಂದರು ಗುಮಾಸ್ತರು. ಡೀಫಾಲ್ಟ್ ಫೈಲಿನಲ್ಲಿ ವಿಂಡೋಸಿನ ಸಾಲಿನ ಹೆಸರು ಕೊಟ್ಟು, ಕಾಯುವ ಹೊತ್ತನ್ನು 10 ಸೆಕೆಂಡು ಮಾಡಿ, ಅಪ್‌ಡೇಟ್-ಗ್ರಬ್ ಮತ್ತೊಮ್ಮೆ ಓಡಿಸಿದೆ. ಮೆನುವಿನಲ್ಲಿ ವಿಂಡೋಸ್ ಕೆಳಗೇ ಇದ್ದರೂ ಗುರುತಿನ ಪಟ್ಟಿ ಈಗ ಅದರ ಮೇಲೆ ನಿಲ್ಲುತ್ತದೆ. ಅವರು ಚೀಟಿ ಕಿತ್ತು ಹರಿಯಲು ಹೋದಾಗ ಇಸಿದುಕೊಂಡು, ಹಿಂಬದಿಯಲ್ಲಿ ಬೂಟ್ ನಮೂದುಗಳ ನಂಬರು, ಇಎಸ್‌ಪಿ ಎರಡನೇ ಪಾರ್ಟಿಶನ್ನು, ಲಿನಕ್ಸ್ ಆರನೆಯದು ಎಂದು ಬರೆದು ಅದೇ ಜಾಗಕ್ಕೆ ಮತ್ತೆ ಅಂಟಿಸಿದೆ.